ನಡುಗದ ಲ್ಯಾಪ್‌ಟಾಪ್

ರೂನಾ ಪುಟ್ಟ ಲ್ಯಾಪ್‌ಟಾಪಿನ ಮುಚ್ಚಳ ತೆರೆದಳು. ನೋಡಿದಳು. ಮುಚ್ಚಿದಳು. ಮತ್ತೆ ತೆರೆದಳು.

"ಸ್ಟೇನಿ, ಲೆಕ್ಕ ಇಲ್ಲ."

"ಯಾವ ಲೆಕ್ಕ?" ಎಂದೆ.

"ಎಲ್ಲಾ. ಮೂವತ್ತೊಂದು ವರ್ಷದ್ದೂ. ಸಾಫ್ಟ್‌ವೇರೇ ಇಲ್ಲ ಇದ್ರಲ್ಲಿ!"

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಮಧ್ಯಾಹ್ನ ಮೂರಕ್ಕೆ ನಮ್ಮ ಕರ್ಲಿಂಗ್ ಕ್ಲಬ್ಬಿನ ವಾರ್ಷಿಕ ಸಭೆ. ಐಸ್ ಮೇಲೆ ಕಲ್ಲು ಜಾರಿಸುವ ಆಟ ನಮ್ಮದು. ಆ ಐಸ್ ಹಾಕುವವನು ನಾನು, ಕ್ಲಬ್ ಶುರುವಾದಾಗಿನಿಂದ. ಓದಿದ್ದು ಐದನೇ ತರಗತಿ.

ಪರದೆ ತುಂಬ ಮಕ್ಕಳ ಪುಸ್ತಕದಂಥ ದೊಡ್ಡ ದೊಡ್ಡ ಚಿತ್ರಗಳು. ಮುಚ್ಚಳದ ಮೇಲೆ ನಮ್ಮದೇ ಸ್ಟಿಕ್ಕರ್. ಕಪಾಟಿನ ಬೀಗ ಸರಿಯಾಗಿತ್ತು. ಸಾಫ್ಟ್‌ವೇರ್ ಬಂದಿದ್ದ ಕೆಂಪು ಡಬ್ಬಿಯೂ ಅಲ್ಲೇ ಇತ್ತು. ಕೀಲಿ ಇದ್ದದ್ದು ಮೂವರ ಬಳಿ: ಖಜಾಂಚಿ ರೂನಾ, ಅಧ್ಯಕ್ಷ ಬ್ಯಾರ್ನಿ, ನಾನು. ಭಾನುವಾರ ಲೆಕ್ಕ ಮುಗಿಸಿ ಒಳಗಿಟ್ಟವಳು ರೂನಾ. ಮತ್ತೆ ತೆರೆದದ್ದು ಈಗಲೇ.

ಹತ್ತು ಗಂಟೆಗೆ ಊರಿಗೆಲ್ಲ ಸುದ್ದಿ. ಕಾಫಿ ಕುಡಿಯುವಲ್ಲಿ ಯಾರೋ ಅಂದರು, "ಏನೋ ಮುಚ್ಚಿಡೋಕೆ ಅವಳೇ ಅಳಿಸಿರ್ಬೇಕು ಬಿಡು."

ಪೊಲೀಸ್ ಬೇಡ, ಊರ ಮಾನ ಹೋಗುತ್ತೆ ಎಂದ ಬ್ಯಾರ್ನಿ. ರೂನಾ ತಾನೇ ಫೋನ್ ಮಾಡಿದಳು.

* * *

ಕಾನ್‌ಸ್ಟೆಬಲ್ ಲೊರೇನ್ ಶಾರ್ಟ್ರಾಂಡ್ ಬೂಟಿನ ಹಿಮ ಕೊಡವಿ ಕೂತಳು.

"ಇದನ್ನ ಯಾವಾಗ ತಗೊಂಡ್ರಿ?"

"ಅಕ್ಟೋಬರ್‌ನಲ್ಲಿ. ಜಗಳ ಆಡಿ ತಗೊಂಡ್ವಿ," ಎಂದಳು ರೂನಾ.

ಅಂಗಡಿಯಲ್ಲಿ ಎರಡು ಬಗೆ ಇದ್ದವು. ಹೊರಗಿನಿಂದ ಎರಡೂ ಒಂದೇ, ಬಿಳಿ ಬಣ್ಣ, ಊಟದ ತಟ್ಟೆಗಿಂತ ಚಿಕ್ಕವು. ದುಬಾರಿಯದರಲ್ಲಿ ತಿರುಗುವ ಡಿಸ್ಕ್. ಅಗ್ಗದ್ದರಲ್ಲಿ ಬರೀ ಚಿಪ್. ಸಾಫ್ಟ್‌ವೇರಿನಲ್ಲೂ ಎರಡು. ಅಗ್ಗದ್ದು ಐದು ವರ್ಷದ ಲೆಕ್ಕ ಹಿಡಿಯುತ್ತಿತ್ತು, ದುಬಾರಿಯದು ಎಷ್ಟು ವರ್ಷದ್ದಾದರೂ. ರೂನಾಗೆ ಮೊದಲ ದಿನದಿಂದ ಆಡಿದ ಪ್ರತಿಯೊಬ್ಬರ ಹೆಸರೂ ಬೇಕಿತ್ತು. ಆ ಸಾಫ್ಟ್‌ವೇರ್ ಓಡುವುದು ಡಿಸ್ಕ್ ಇದ್ದದ್ದರಲ್ಲಿ ಮಾತ್ರ.

"ಬಣ್ಣ ಒಂದೇ, ಅಳತೆ ಒಂದೇ, ನೂರು ಡಾಲರ್ ಯಾಕ್ ಜಾಸ್ತಿ ಅಂತ ಬ್ಯಾರ್ನಿ ಕೂಗಾಡಿದ್ದ."

"ಅಳಿಸೋಕೆ ಯಾರಿಗೆ ಬರುತ್ತೆ?"

"ಈ ಕ್ಲಬ್ಬಲ್ಲಿ? ನನಗೊಬ್ಬಳಿಗೇ. ಮಿಕ್ಕೋರಿಗೆ ಅದ್ರಲ್ಲಿ ಫೋಟೋ ತೆಗೆಯೋಕೆ ಬರುತ್ತೆ, ಅಷ್ಟೇ."

ಲೊರೇನ್ ಅದನ್ನು ಬರೆದುಕೊಂಡಳು. ಬರೆದುಕೊಂಡದ್ದು ನನಗೆ ಹಿಡಿಸಲಿಲ್ಲ.

"ಅಜ್ಜಾ, ನಿಮ್ಮ ಕೀಲಿ?"

ಕೊರಳ ದಾರದಿಂದ ಬಿಚ್ಚಿಕೊಟ್ಟೆ. "ಎರಡು ವರ್ಷದಿಂದ ಬೀಗಕ್ಕೆ ಹಾಕಿಲ್ಲಮ್ಮ. ತುಕ್ಕು ನೋಡು."

ಚಳಿಗಾಲವೆಲ್ಲ ರೂನಾ ಗಾಜಿನ ಕೋಣೆಯಲ್ಲಿ ಕೂತು ಹಳೇ ಲೆಕ್ಕದ ಪುಸ್ತಕಗಳನ್ನು ಅದಕ್ಕೆ ಉಣಿಸುತ್ತಿದ್ದಳು. ನಾನು ಕಾಫಿ ಇಟ್ಟು, ಒಮ್ಮೆ ಅದರ ಮೈಮೇಲೆ ಕೈ ಇಡುತ್ತಿದ್ದೆ. ಇಷ್ಟಗಲದೊಳಗೆ ಇಡೀ ಊರು ಕೂತಿದೆಯಲ್ಲ ಎಂಬ ಬೆರಗು. ಮಲಗಿದ ಬೆಕ್ಕಿನ ಹೊಟ್ಟೆಯಂತೆ ಸಣ್ಣಗೆ ನಡುಗುತ್ತಿತ್ತು.

ಈಗಲೂ ಕೈ ಇಟ್ಟೆ. ನಡುಕವಿಲ್ಲ.

"ಅಮ್ಮಾ, ಇದನ್ನ ಯಾರೂ ಅಳಿಸಿಲ್ಲ. ಇದು ಅದೇ ಅಲ್ಲ."

ಲೊರೇನ್ ಕಿವಿಯಿಟ್ಟು ಕೇಳಿದಳು. ತಿರುಗಿಸಿ ತಳದ ಸಂಖ್ಯೆ ಓದಿದಳು. ವಿನಿಪೆಗ್ ನಗರದ ಅಂಗಡಿಗೆ ಫೋನ್ ಮಾಡಿದಳು.

"ಚಿಪ್ ಇರೋದು. ಬುಧವಾರ ಮಾರಿದ್ದಾರೆ. ನಗದು. ಹೆಸರಿಲ್ಲ."

ರೂನಾ ಬಿಳಿಚಿಕೊಂಡಳು. "ಬುಧವಾರ ನಾನು ವಿನಿಪೆಗ್‌ನಲ್ಲೇ ಇದ್ದೆ. ಕಣ್ಣಿನ ಡಾಕ್ಟರ್ ಹತ್ರ."

ಪೆನ್ನು ಮತ್ತೆ ಓಡಿತು.

* * *

ನನ್ನ ಕೋಣೆಗೆ ಹೋಗಿ ಬೆಂಕಿಪೊಟ್ಟಣ ತಂದೆ. ಐಸ್ ಮೇಲೆ ಸಿಕ್ಕಿದ್ದನ್ನು ನಾನು ಎಸೆಯುವುದಿಲ್ಲ. ಒಂದು ಕೂದಲು ಸಾಕು, ಕಲ್ಲು ದಾರಿ ತಪ್ಪುತ್ತದೆ. ಪೊಟ್ಟಣದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಚೂರು. ಮಂಗಳವಾರ ಬೆಳಿಗ್ಗೆ ಮೂರನೇ ಅಂಕಣದಲ್ಲಿ ಸಿಕ್ಕಿದ್ದು.

"ಸೋಮವಾರ ಸಂಜೆ ಅಲ್ಲಿ ಹೊಸ ನೀರು ಚಿಮುಕಿಸಿದ್ದೆ. ಬೆಳಿಗ್ಗೆ ನೋಡಿದ್ರೆ ಯಾರೋ ಕಲ್ಲಿನ ಜೊತೆ ಜಾರಿದ ಒಂದೇ ಒಂದು ಗೆರೆ. ಅದರ ಕೊನೆಗೆ ಈ ಚೂರು."

"ಯಾರ ಗೆರೆ?"

"ಕಲ್ಲು ಬಿಡೋಕೆ ಕಾಲೂರ್ತಾರಲ್ಲ, ಆ ಮೆಟ್ಟು ಬಲಗೈಯವರಿಗೆ ಬೇರೆ, ಎಡಗೈಯವರಿಗೆ ಬೇರೆ. ಈ ಗೆರೆ ಶುರುವಾಗಿದ್ದು ಎಡಗೈ ಮೆಟ್ಟಿನಿಂದ."

"ಕ್ಲಬ್ಬಲ್ಲಿ ಎಡಗೈಯವರು ಎಷ್ಟು ಜನ?"

"ಒಬ್ಬನೇ."

"ಹೆಸರು?"

"ನಾನು ಹೇಳಲ್ಲ. ನಮ್ಮಾಟದಲ್ಲಿ ಹಾಗೆ ಹೇಳೋ ಪದ್ಧತಿ ಇಲ್ಲ. ಮೂರು ಗಂಟೆವರೆಗೂ ತಡಿ ತಾಯಿ."

ಅವಳು ನನ್ನನ್ನೇ ನೋಡಿದಳು. ಪೆನ್ನು ಮುಚ್ಚಿದಳು.

* * *

ನಲವತ್ತು ಜನ ಸೇರಿದ್ದರು. ರೂನಾಳ ಕೀಲಿ ವಾಪಸು ಪಡೆಯುವುದೇ ಮೊದಲ ವಿಷಯ. ಬ್ಯಾರ್ನಿ ಅದನ್ನು ತಲೆ ಎತ್ತದೆ ಓದಿದ.

"ಹತ್ತೊಂಬತ್ತು ವರ್ಷ ನಂಬಿದ್ವಲ್ಲೇ ನಿನ್ನ!" ಹಿಂದಿನಿಂದ ಯಾರೋ ಕೂಗಿದರು.

ರೂನಾ ಕೀಲಿ ತೆಗೆದು ಮೇಜಿನ ಮೇಲಿಟ್ಟಳು.

ನಾನೆದ್ದು ಬೆಂಕಿಪೊಟ್ಟಣವನ್ನು ಆ ಕೀಲಿಯ ಪಕ್ಕದಲ್ಲಿಟ್ಟು ತೆರೆದೆ.

"ಮೂರನೇ ಅಂಕಣ. ಎಡಗೈ ಗೆರೆ ಮೇಲೆ ಸಿಕ್ತು."

ಅಷ್ಟೇ ಹೇಳಿ ಕೂತೆ. ನಮ್ಮ ಆಟದಲ್ಲಿ ತಪ್ಪು ಹಿಡಿಯುವವರಿಲ್ಲ. ಓಡುವ ಕಲ್ಲನ್ನು ಬಟ್ಟೆಯ ಅಂಚು ತಾಕಿದರೂ, ಯಾರೂ ನೋಡದಿದ್ದರೂ, ತಾಕಿಸಿದವನೇ ಕೈ ಎತ್ತಬೇಕು. ಊರಿನ ಮಕ್ಕಳು ಓದು ಕಲಿಯುವ ಮೊದಲು ಅದನ್ನು ಕಲಿಯುತ್ತಾರೆ.

ಬ್ಯಾರ್ನಿಯ ಎಡಗೈ ಮೇಲೆದ್ದಿತು.

"ನಾನೇ."

ಈ ಸಲ ಅವನ ಕಲ್ಲುಗಳು ಗುರಿ ತಪ್ಪುತ್ತಿದ್ದವು. ಯಾಕೆಂದು ತಿಳಿಯಲು ಸೋಮವಾರ ಒಬ್ಬನೇ ಬಂದು, ಲ್ಯಾಪ್‌ಟಾಪಿನ ಕ್ಯಾಮೆರಾ ತನ್ನತ್ತ ತಿರುಗಿಸಿ ಐಸ್ ಮೇಲಿಟ್ಟು ಕಲ್ಲು ಬಿಟ್ಟಿದ್ದ. ಆ ಕಲ್ಲೊಂದು ಗುರಿ ತಪ್ಪಲಿಲ್ಲ. ನೇರ ಅದಕ್ಕೇ ಬಡಿಯಿತು.

"ಹೊರಗಡೆ ಎರಡೂ ಒಂದೇ ಅಲ್ವಾ? ಹೊಸದು ತಂದು ಸ್ಟಿಕ್ಕರ್ ಅಂಟಿಸಿದ್ರೆ ಆಯ್ತು ಅಂದ್ಕೊಂಡೆ. ಲೆಕ್ಕ ಎಲ್ಲಾ ಆ ಕೆಂಪು ಡಬ್ಬಿಯೊಳಗೆ ಇರುತ್ತೆ ಅಂದ್ಕೊಂಡಿದ್ದೆ ಕಣೇ."

ಯಾರೋ ನಕ್ಕರು. ರೂನಾ ನಗಲಿಲ್ಲ.

"ಬೆಳಿಗ್ಗೆ ನನ್ನ ಹೆಸರು ಎತ್ತಿದ್ರಲ್ಲ, ಆಗ?"

"ಬಾಯಿ ಬರ್ಲಿಲ್ಲ."

* * *

ಒಡೆದದ್ದು ಅವನ ಟ್ರಕ್ಕಿನ ಸೀಟಿನಡಿ ಇತ್ತು. ಲೊರೇನ್ ಎರಡು ತಿರುಪು ಬಿಚ್ಚಿ ಡಿಸ್ಕ್ ಹೊರತೆಗೆದಳು. ಇಸ್ಪೀಟಿನ ಕಟ್ಟಿಗಿಂತ ಚಿಕ್ಕದು. ರೂನಾ ಮನೆಯ ಕಂಪ್ಯೂಟರ್ ತಂದಳು, ಕೆಂಪು ಡಬ್ಬಿಯಿಂದ ಸಾಫ್ಟ್‌ವೇರ್ ಹಾಕಿದಳು, ವೈರ್ ಜೋಡಿಸಿದಳು.

ಹೆಸರುಗಳು ಸಾಲುಸಾಲಾಗಿ ಏಳತೊಡಗಿದವು. ಸರೋವರದಲ್ಲಿ ಮುಳುಗಿದ ಅಣ್ಣತಮ್ಮಂದಿರು. ಊರು ಬಿಟ್ಟವರು. ಕಾಲೂರಿ ಕಲ್ಲು ಬಿಡಲಾಗದೆ ಬರೀ ಕಲ್ಲಿನ ಮುಂದೆ ಐಸ್ ಗುಡಿಸಲು ಬರುತ್ತಿದ್ದ ಕುಂಟ ಹ್ಯಾಲ್ಡೋರ್.

"ಅಗೋ, ನಮ್ಮಪ್ಪ!" ಎಂದಿತು ಒಂದು ದನಿ. ಗಂಡಸರೆಲ್ಲ ಟೋಪಿ ತೆಗೆದದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ.

ರೂನಾ ಕೀಲಿ ಎತ್ತಿ ಜೇಬಿಗೆ ಹಾಕಿಕೊಂಡಳು. ಎರಡು ಲೋಟ ಬಿಯರ್ ತಂದು, ಮೂಲೆಯಲ್ಲಿ ಒಬ್ಬನೇ ಕೂತಿದ್ದ ಬ್ಯಾರ್ನಿಯ ಮುಂದೆ ಒಂದನ್ನಿಟ್ಟಳು.

"ಸೋತವರಿಗೆ ಗೆದ್ದವರು ಕೊಡಿಸ್ಬೇಕಲ್ಲ ನಮ್ಮಾಟದಲ್ಲಿ. ಕುಡಿ."

"ರೂನಾ..."

"ಮೊದ್ಲು ಕುಡಿಯೋ. ಆಮೇಲೆ ಅಳು."

ನಾನು ಆ ಡಿಸ್ಕಿನ ಮೇಲೆ ಅಂಗೈ ಇಟ್ಟೆ. ಸಣ್ಣಗೆ ನಡುಗುತ್ತಿತ್ತು. ಊರಿಗೆ ಊರೇ ಕೈಯಡಿ ಉಸಿರಾಡುತ್ತಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ.