ಕೊಂಬಿಲ್ಲದ ಮಾತು

“ಪಾಪ, ನಿಮಗೆ ತುಂಬಾ ಕಷ್ಟ ಆಗಿರ್ಬೇಕು...” ಎಂದ ಕುತೈಬಾ.

“ಪಾಪ ನಾನಲ್ಲ. ಪಾಪ ಅನ್ಬೇಕಾದ್ದು ನಿಮ್ಮ ಆ್ಯಪನ್ನ!”

ಲುಬ್ನಾಳ ಮಾತಿಗೆ ಅಮ್ಮಾನ್ ನಗರದ ಆ ಕಚೇರಿಯಲ್ಲಿ ಎಲ್ಲರೂ ತಲೆಯೆತ್ತಿದರು. ಲುಬ್ನಾಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಕಣ್ಣಿಲ್ಲದವರೂ ಒಂದು ಆ್ಯಪನ್ನು ಬಳಸಬಹುದೇ ಎಂದು ಪರೀಕ್ಷಿಸುವುದೇ ಅವಳ ಕೆಲಸ. ಇದು ಔಷಧಿ ತರಿಸಲೆಂದು ಕುತೈಬಾ ಮಾಡಿದ ಆ್ಯಪ್. ತೆರೆಯ ಮೇಲಿದ್ದದ್ದನ್ನು ಓದಿ ಹೇಳುವ ಅವಳ ಫೋನು “ಬಟನ್... ಬಟನ್... ಬಟನ್...” ಎಂದಷ್ಟೇ ಒದರುತ್ತಿತ್ತು.

“ಇದರಲ್ಲಿ ತರಿಸೋದು ಯಾವುದು, ರದ್ದು ಮಾಡೋದು ಯಾವುದು? ನೀವೇ ಹೇಳಿ.”

“ಹಸಿರು ಬಣ್ಣದ್ದು...” ಎಂದವನು ನಾಲಿಗೆ ಕಚ್ಚಿಕೊಂಡ.

ಮರುದಿನದಿಂದ ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವಳ ಪಕ್ಕದಲ್ಲೇ ಕೂತ. ತನ್ನದೇ ಆ್ಯಪಿನಲ್ಲಿ ದಾರಿ ತಪ್ಪಿದ. ಏಲಕ್ಕಿ ಕಾಫಿ ಚೆಲ್ಲಿಕೊಂಡ. ಬೈಸಿಕೊಂಡ, ತಿದ್ದಿದ, ಮತ್ತೆ ಬೈಸಿಕೊಂಡ. ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಲುಬ್ನಾಳ ಎದೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಒಂದು ಸಲವೂ ಪಾಪ ಅನ್ನಲಿಲ್ಲವಲ್ಲ ಇವನು... ಎಂದು ಒಳಗೇ ಹಿಗ್ಗಿದಳು.

ಹಿಗ್ಗದೇ ಏನು ಮಾಡಿಯಾಳು? ಅವಳನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಮದ್ದು ಹಿಡಿದೇ ಬಂದಿದ್ದರು. ಒಬ್ಬರು ಕರಿಜೀರಿಗೆ, ಇನ್ನೊಬ್ಬರು ಜೇನು, ಮತ್ತೊಬ್ಬರು ಯಾವುದೋ ಡಾಕ್ಟರ ವಿಳಾಸ. ಕಣ್ಣು ವಾಸಿಯಾದ ಮೇಲೆ ಮದುವೆ ಮಾತಂತೆ! ಈ ಮಹಾನುಭಾವರಿಗೆ ಬೇಕಾಗಿದ್ದದ್ದು ಹೆಣ್ಣಲ್ಲ, ಎರಡು ಕಣ್ಣು.

ಒಂದು ಸಂಜೆ ಕುತೈಬಾನ ಸಂದೇಶ ಬಂತು. ಫೋನು ಓದಿತು: “ಲುಬ್ನಾ, ನಿಮಗಾಗಿ ನನ್ನ ಬಳಿ ಮಾತ್ರೆ ಇದೆ. ಬೇಡ ಅನ್ನಬೇಡಿ.”

ಇವನೂ ಅಷ್ಟೇನಾ...?

ಅವಳು ಉತ್ತರಿಸಲಿಲ್ಲ. ಅವನ ಕರೆ ತೆಗೆಯಲಿಲ್ಲ. ಅವನ ಆ್ಯಪಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಮನೆಗೆ ಹೋಗಿ ಮನಸಾರೆ ಅತ್ತಳು.

ಕೊನೆಗೆ ಅವನೇ ಅವಳ ಮೇಜಿನ ಹತ್ತಿರ ಬಂದ. “ಬೇಡ ಅಂದ್ರೆ ಬೇಡ ಅಂತಾದ್ರೂ ಹೇಳಿ. ಹೀಗೆ ಮಾತೇ ಬಿಟ್ರೆ ನಾನು ಏನಂದ್ಕೊಳ್ಳಲಿ?”

“ನಾನು ರೋಗಿ ಅಲ್ಲ ಕುತೈಬಾ ಅವರೇ. ನಿಮ್ಮ ಮಾತ್ರೆ ನೀವೇ ನುಂಗಿ.”

“ಯಾವ ಮಾತ್ರೆ?”

ಅವಳು ಫೋನಿನಿಂದ ಸಂದೇಶವನ್ನು ಮತ್ತೆ ಓದಿಸಿದಳು. ಅವನು ಕುರ್ಚಿಯಲ್ಲಿ ಕುಸಿದ.

“ಲುಬ್ನಾ... ಅದು ಹಬ್ ಅಲ್ಲ. ಹುಬ್.”

ಅವರ ಅರಬ್ಬಿಯಲ್ಲಿ ಹಬ್ ಅಂದರೆ ಮಾತ್ರೆ, ಹುಬ್ ಅಂದರೆ ಪ್ರೀತಿ. ಬರೆಯುವುದು ಮಾತ್ರ ಎರಡನ್ನೂ ಒಂದೇ ತರಹ. ಕೊಂಬಿನ ಗುರುತನ್ನು ಯಾರೂ ಹಾಕುವುದಿಲ್ಲ, ಓದುವವರೇ ಸಂದರ್ಭ ನೋಡಿ ಸೇರಿಸಿಕೊಳ್ಳಬೇಕು. ಫೋನಿಗೇನು ಗೊತ್ತು ಹುಡುಗನ ಸಂಕಟ? ಇಂಥ ತಪ್ಪು ಹಿಡಿಯುವುದೇ ಕಸುಬಾದ ಲುಬ್ನಾಳಿಗೂ ಹೊಳೆಯಲಿಲ್ಲ ನೋಡಿ. ಗಾಯ ಇದ್ದಲ್ಲೇ ಏಟು ಬಿದ್ದರೆ ಬುದ್ಧಿ ಎಲ್ಲಿ ಓಡುತ್ತದೆ?

“ಒಂದು ಕೊಂಬು ಹಾಕೋಕೆ ಏನಾಗಿತ್ತು ನಿಮಗೆ?”

“ತಪ್ಪಾಯ್ತು. ಈಗ ತಿದ್ದಿ ಕಳಿಸ್ಲಾ?”

“ಫೋನಿನ ಬಾಯಲ್ಲಿ ಬೇಡ. ನಿಮ್ಮ ಬಾಯಲ್ಲೇ ಹೇಳಿ.”

ಅವನು ಹೇಳಿದ. ಮೆಲ್ಲಗೆ, ತಡವರಿಸುತ್ತ.

ಲುಬ್ನಾ ಫೋನನ್ನು ಮೇಜಿನ ಮೇಲೆ ಕವುಚಿಟ್ಟಳು. “ನನ್ನ ಕಣ್ಣು ಹೀಗೇ ಇರುತ್ತೆ. ವಾಸಿಯಾಗೋದಲ್ಲ.”

“ಇರಲಿ. ನಾನು ಕೇಳಿದ್ದು ನಿಮ್ಮನ್ನ.”

ಅವಳು ಅವನ ದನಿಯ ಕಡೆ ಮುಖ ತಿರುಗಿಸಿದಳು. ಕೆನ್ನೆ ಒದ್ದೆಯಾಗಿತ್ತು.

“ಹಾಗಾದ್ರೆ ನಂದೂ ಅದೇ... ಕೊಂಬಿನ ಸಮೇತ.”