ಮುಚ್ಚಿದ ಬಾಗಿಲು, ಆರನೆಯ ದೀಪ

ಆ ಠಾಣೆಗೆ ಬಾರದ ದೂರು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಕಳುವಾದ ಕಿಟಕಿ, ಓಡಿಹೋದ ಗಂಡ, ಪಕ್ಕದ ಮನೆಯವನ ಗೊರಕೆ, ಎಲ್ಲಕ್ಕೂ ಅಲ್ಲಿ ಕಾಗದ ತಯಾರಿತ್ತು. ಆದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚಿತ್ರಕಾರ ತಂದ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ಲನ ಪೆನ್ನೇ ಮೂರ್ಛೆ ಹೋಯಿತು. ಈ ಹೆಡ್ ಕಾನ್‌ಸ್ಟೇಬಲ್ಲನಿಗೆ ಠಾಣೆಯಲ್ಲಿ ಗುಂಡುಕಲ್ಲು ಎಂದೇ ಹೆಸರು. ಕೂತರೆ ಕುರ್ಚಿ ಅಳುತ್ತಿತ್ತು, ಎದ್ದರೆ ನೆಲ ದೇವರಿಗೆ ಕೈಮುಗಿಯುತ್ತಿತ್ತು.

"ಏನು ಕಳುವಾಗಿದೆ?"

"ಏನೂ ಇಲ್ಲ. ದೀಪ ಹಚ್ಚಿದ್ದಾರೆ."

"ಎಲ್ಲಿ?"

"ನನ್ನ ಚಿತ್ರದಲ್ಲಿ. ಇದು ಮೂರನೇ ಸಲ."

ಗುಂಡುಕಲ್ಲು ಒಳಗಿನ ಕೋಣೆಯ ಕಡೆ ಕತ್ತು ಚಾಚಿದ. "ಸಾರ್, ದೀಪ ಹಚ್ಚಿದ್ದಕ್ಕೂ ಎಫ್‌ಐಆರ್ ಹಾಕೋದಾದ್ರೆ, ನಾಳೆ ಕಸ ಗುಡಿಸಿದವರನ್ನೂ ಒಳಗೆ ಹಾಕಬೇಕಾಗುತ್ತೆ."

ಇನ್‌ಸ್ಪೆಕ್ಟರ್ ಹೊರಬಂದರು. ಗೋಡೆಯ ಮೇಲೆ ಇರುವೆ ಹೋದ ಗುರುತು ನೋಡಿ ಅದರ ಅತ್ತೆಯ ಮನೆ ಯಾವುದೆಂದು ಹೇಳಬಲ್ಲರೆಂಬ ಖ್ಯಾತಿ ಅವರಿಗಿತ್ತು. ಆ ಖ್ಯಾತಿಯನ್ನು ಹಬ್ಬಿಸಿದವರೂ ಅವರೇ. "ಹಾಕಿ" ಎಂದರು. "ಇನ್ನೊಬ್ಬರ ಚಿತ್ರಕ್ಕೆ ಬಣ್ಣ ಬಳಿದರೆ ಅದು ನಷ್ಟ. ಕಿಡಿಗೇಡಿತನ ಅಂತ ಬರ್ಕೊಳ್ಳಿ." ಹತ್ತೂವರೆಗೆ ಎಫ್‌ಐಆರ್ ಆಯಿತು.

ಚರ್ಚಿನ ಗೋಡೆಗಳ ಮೇಲೆ ಆ ಚಿತ್ರಕಾರನ ಎಂಟು ಚಿತ್ರಗಳಿದ್ದವು, ಒಂದರಲ್ಲೂ ಮನುಷ್ಯರಿರಲಿಲ್ಲ. ಹುಂಜ ಕೂಗುವ ಮೊದಲೇ ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನಿಗೆ ಆರಿದ ಬೆಂಕಿ, ಪಕ್ಕದಲ್ಲೊಂದು ಹುಂಜ. ಜಲಪ್ರಳಯಕ್ಕೆ ಕೆಸರಿನಲ್ಲಿ ಬಿದ್ದ ಒಂದು ಹಸಿರೆಲೆ. ತಪ್ಪಿಹೋದ ಒಂದು ಕುರಿಗಾಗಿ ಹಿಂಡನ್ನೇ ಬಿಟ್ಟು ಹೋದ ಕುರುಬನ ಸಾಮ್ಯಕ್ಕೆ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕತೆಗೆ, ಒಂದು ಕಡೆ ಹಿಂಡಿನ ಗೊರಸು ಗುರುತುಗಳು, ಅವಕ್ಕೆ ಬೆನ್ನು ಹಾಕಿ ಹೊರಟ ಒಂದೇ ಜೊತೆ ಬರಿಗಾಲ ಹೆಜ್ಜೆ. "ಮುಖ ಬರೆದರೆ ಜನ ಮುಖ ನೋಡ್ತಾರೆ, ದೇವರ ವಾಕ್ಯ ಕೇಳಿಸೋದಿಲ್ಲ" ಎನ್ನುತ್ತಿದ್ದ. ಬಾಯಿಬಿಟ್ಟು ಪ್ರಾರ್ಥಿಸಲು ಬಾರದ ಅವನಿಗೆ ಕುಂಚವೇ ಪ್ರಾರ್ಥನೆ. ಒಂದೇ ತೊಂದರೆ: ಕಣ್ಣೆದುರು ಇಲ್ಲದ್ದನ್ನು ಅವನ ಕೈ ಬರೆಯದು. ಆ ಹುಂಜ ತಿಂಗಳುಗಟ್ಟಲೆ ಅವನ ಮುಂದೆ ನಿಂತು ನಿಂತು ಕೂಗುವುದನ್ನೇ ಮರೆತು ಕೆಮ್ಮತೊಡಗಿತಂತೆ. ಊರು ಸುಳ್ಳು ಹೇಳುವುದಿಲ್ಲ, ಸ್ವಲ್ಪ ಉದ್ದ ಹೇಳುತ್ತದೆ.

ಒಂಬತ್ತನೆಯದು ಹತ್ತು ಮಂದಿ ಕನ್ಯೆಯರ ಸಾಮ್ಯ. ಮದುವಣಿಗನನ್ನು ಕಾಯುತ್ತಿದ್ದ ಹತ್ತು ಜನರಲ್ಲಿ ಎಣ್ಣೆ ತಂದ ಐವರು ಒಳಗೆ ಹೋದರು. ಎಣ್ಣೆ ತರಲು ಮರೆತ ಐವರು ಕೊಳ್ಳಲು ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಬಡಿದರೆ "ನಿಮ್ಮ ಗುರುತಿಲ್ಲ" ಎಂಬ ಉತ್ತರ ಬಂತು. ಚಿತ್ರಕಾರ ಬರೆದದ್ದು ಇಷ್ಟು: ಮುಚ್ಚಿದ ಮರದ ಬಾಗಿಲು, ಕಿಟಕಿಯೊಳಗೆ ಉರಿಯುವ ಐದು ದೀಪ, ಹೊಸ್ತಿಲಾಚೆ ಆರಿದ ಐದು. ಆರಿದವುಗಳಲ್ಲಿ ಒಂದಕ್ಕೆ ಯಾರೋ ಜ್ವಾಲೆ ಬರೆಯುತ್ತಿದ್ದರು. ಅವನು ಒರೆಸುತ್ತಿದ್ದ, ಅವರು ಹಚ್ಚುತ್ತಿದ್ದರು. ಶನಿವಾರ ವಾರ್ನಿಷ್ ಆಗಬೇಕು, ಭಾನುವಾರ ಬಿಷಪ್ ಬಂದು ಪ್ರತಿಷ್ಠೆ ಮಾಡಬೇಕು. ವಾರ್ನಿಷ್ ಬಿದ್ದ ಮೇಲೆ ಉರಿದದ್ದು ಉರಿಯಿತು, ಆರಿದ್ದು ಆರಿತು.

ಮಧ್ಯಾಹ್ನ ಚರ್ಚಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕೀಲಿ ಮೂರು. ಒಂದು ಪಾದ್ರಿಯದು, ಅವರು ಹೋದ ವಾರವಿಡೀ ಊರಲ್ಲಿರಲಿಲ್ಲ. ಇನ್ನೊಂದು ಗಂಟೆ ಹೊಡೆಯುವ ಮುದುಕನದು. ಅದನ್ನು ಅವನು ಸ್ನಾನಕ್ಕೂ ಸೊಂಟದಿಂದ ಬಿಚ್ಚಿದವನಲ್ಲ, ಸ್ನಾನ ಮಾಡಿದ್ದನ್ನು ಕಂಡವರೂ ಇಲ್ಲ. ಮೂರನೆಯದು ಚಿತ್ರಕಾರನದು.

ಇನ್‌ಸ್ಪೆಕ್ಟರ್ ಚಿತ್ರಕ್ಕೆ ಮೂಗು ತಾಗಿಸಿದರು. ಜ್ವಾಲೆ ಹೆಬ್ಬೆರಳಿನಷ್ಟು. ಅದರ ತೆಳು ಹಳದಿ ಪಕ್ಕದ ದೀಪದ ಹೊಟ್ಟೆಯ ಮೇಲೆ, ಬಾಗಿಲ ಕೆಳಗಿನ ಹಲಗೆಯ ಮೇಲೆ ಚೆಲ್ಲಿತ್ತು.

"ಗುಂಡುಕಲ್ಲು, ತುಂಟರು ಬೆಂಕಿ ಬರೀತಾರೆ. ಬೆಳಕು ಬರೆಯೋದು ಕಲಿತವರು ಮಾತ್ರ."

ದೀಪಗಳನ್ನು ಚಿತ್ರಕಾರ ಚರ್ಚಿನ ಸಭೆಯವರ ಮನೆಗಳಿಂದ ಎರವಲು ತಂದಿದ್ದ. ಯಾವುದು ಉರಿಯಬೇಕು, ಯಾವುದು ಆರಬೇಕು ಎಂಬುದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. ಚಿತ್ರ ಗೋಡೆ ಏರಿದ ದಿನ ನಾಲ್ಕು ಮನೆಗಳಲ್ಲಿ ಭೂಕಂಪವಾಯಿತು. ಆ ನಾಲ್ವರನ್ನೂ ಕರೆಸಿದರು.

"ಅರ್ಧ ಪ್ರಪಂಚಕ್ಕೆ ಬ್ರೆಡ್ ಸುಡೋನು ನಾನು, ನನ್ನ ಮನೇಲಿ ಎಣ್ಣೆ ಇಲ್ವಂತೆ!" ಎಂದ ಬೇಕರಿಯವನು.

ಹೊಲಿಗೆಯಂಗಡಿಯ ಮುದುಕಿ ಅವನನ್ನು ಪಕ್ಕಕ್ಕೆ ತಳ್ಳಿದಳು. "ದೀಪ ಕೇಳೋವಾಗ ಅಕ್ಕಾ, ದೇವರ ಕೆಲಸಕ್ಕೆ ಅಂದ. ಆರಿಸೋವಾಗ ಅಕ್ಕ ನೆನಪಾಗ್ಲಿಲ್ಲ ಅವನಿಗೆ."

"ಅಷ್ಟು ಕೋಪ ಇದ್ದರೆ ನೀವೇ ಹಚ್ಚಿರಬಹುದಲ್ಲಜ್ಜಿ?" ಎಂದರು ಇನ್‌ಸ್ಪೆಕ್ಟರ್.

"ಹಚ್ಚೋದಾದ್ರೆ ನಂದು ಹಚ್ಕೋತಿದ್ದೆ ಕಣಪ್ಪ. ಕಂಡೋರ ದೀಪ ಯಾಕೆ ಹಚ್ಲಿ? ನಂಗೇನು ಅರಳುಮರಳಾ?"

ಆ ಮಾತಿಗೆ ಇನ್‌ಸ್ಪೆಕ್ಟರರ ಹುಬ್ಬು ಟೋಪಿಯವರೆಗೆ ಹೋಗಿ ಬಂತು. ನಾಲ್ವರೂ ತಮ್ಮ ತಮ್ಮ ದೀಪ ತೋರಿಸಿದರು. ಜ್ವಾಲೆ ಬಿದ್ದದ್ದು ಐದನೆಯದಕ್ಕೆ. ಗಿಡ್ಡ ದೀಪ, ಹಿಡಿ ಮುರಿದು ತಂತಿ ಸುತ್ತಿದ್ದು.

"ಇದು ಯಾರ ಮನೇದು?"

ಚಿತ್ರಕಾರ ನೆಲ ನೋಡಿದ. "ಯಾರದೂ ಅಲ್ಲ. ಮನಸ್ಸಿನಿಂದ ಬರೆದೆ."

ಕೆಮ್ಮುವ ಹುಂಜದ ಕತೆ ಇನ್‌ಸ್ಪೆಕ್ಟರರಿಗೂ ಗೊತ್ತಿತ್ತು. ಪಂಚನಾಮೆಗೆ ತಂತಿಯ ಸುತ್ತನ್ನೂ ಸೇರಿಸಲು ಹೇಳಿದರು.

ಮಂಗಳವಾರ ಬೆಳಿಗ್ಗೆ ಇಬ್ಬರೂ ಚಿತ್ರಕಾರನ ಮನೆಗೆ ಹೋದರು. ಬಾಗಿಲು ಬಡಿಯಲು ಕೈಯೆತ್ತಿದ ಗುಂಡುಕಲ್ಲು ಹಾಗೇ ನಿಂತುಬಿಟ್ಟ.

"ಬಡಿಯಪ್ಪ, ಕೈ ಹಿಡ್ಕೊಂಡಿತಾ?"

"ಸಾರ್, ಈ ಬಾಗಿಲನ್ನ ನಾನು ನಿನ್ನೆ ನೋಡಿದೀನಿ."

ಚಿತ್ರದಲ್ಲಿದ್ದ ಅದೇ ಮರ. ನಡುವಿನ ಹಲಗೆಯಲ್ಲಿ ಅದೇ ಕಣ್ಣಿನಾಕಾರದ ಗಂಟು, ಅದೇ ಓರೆಯಾದ ಅಗುಳಿ. ಇಡೀ ಬೆಟಾಲಿಯನ್ನೇ ತಳ್ಳಿದರೂ ಅಲುಗದ ಗುಂಡುಕಲ್ಲು ಎರಡು ಹೆಜ್ಜೆ ಹಿಂದೆ ಸರಿದ.

ಬಾಗಿಲು ತೆಗೆದದ್ದು ಚಿತ್ರಕಾರನ ಹೆಂಡತಿ. ಕೋಣೆ ತುಂಬ ಕ್ಯಾನ್ವಾಸು, ಅಗಸೆ ಎಣ್ಣೆಯ ವಾಸನೆ. ಗೋಡೆಯ ಮೊಳೆಗೆ ಚರ್ಚಿನ ಕೀಲಿ. ಅಡುಗೆಮನೆಯ ಹಲಗೆಯ ಮೇಲೆ ಡಬ್ಬಿಗಳ ಹಿಂದೆ ತಂತಿ ಸುತ್ತಿದ ಗಿಡ್ಡ ದೀಪ, ಹಗಲು ಹೊತ್ತಿನಲ್ಲೇ ಉರಿಯುತ್ತಿತ್ತು.

"ಇದು ಯಾರದಮ್ಮ?"

"ಮಗಳದು."

"ಅವಳೆಲ್ಲಿ?"

"ತೀರ್ಕೊಂಡಳು. ಜ್ವರ ಬಂದು. ಪಕ್ಕದ ಬೀದೀಲೇ ಬಾಡಿಗೆ ಕೋಣೆ ಮಾಡ್ಕೊಂಡಿದ್ಲು."

"ತಾಯಿಮನೆ ಇಷ್ಟು ಹತ್ತಿರ ಇದ್ದು?"

ಆಕೆ ಗಂಡನ ಕಡೆ ನೋಡಿದಳು. ಅವನು ಕುಂಚಗಳನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ, ಒಣಗಿದ್ದನ್ನೂ.

"ನಿಮಗೆ ಚಿತ್ರ ಬರುತ್ತಾ?"

"ಇವರೂ ನಾನೂ ಒಂದೇ ಶಾಲೇಲಿ ಕಲಿತದ್ದು. ವಸ್ತು ಇವರದು ಚೆನ್ನಾಗಿರ್ತಿತ್ತು, ಬೆಳಕು ನಂದು." ಆಕೆಯ ತುಟಿಯ ಮೇಲೆ ಏನೋ ಬಂದು ಹೋಯಿತು. "ಮೇಷ್ಟ್ರು ಹಾಗಂದಾಗ ಇವರು ಒಂದು ವಾರ ಊಟ ಮಾಡ್ಲಿಲ್ಲ."

"ಚರ್ಚಿಗೆ ಯಾವಾಗ ಹೋಗ್ತಿದ್ರಿ?"

"ಇವರು ಬಣ್ಣ ತರೋಕೆ ಪೇಟೆಗೆ ಹೋದಾಗ. ನಾನೇ ಹಚ್ಚಿದ್ದು. ಮೂರು ಸಲಾನೂ ನಾನೇ."

ಕುಂಚ ನೆಲಕ್ಕೆ ಬಿತ್ತು. "ನೀನಾ?" ಎಂದ ಚಿತ್ರಕಾರ. "ಗೊತ್ತಿದ್ದೂ ಗೊತ್ತಿದ್ದೂ? ಅವಳು ಪ್ರಾರ್ಥನೆ ಬಿಟ್ಟಳು. ದೇವರು ಕಾಣ್ತಿಲ್ಲ ಅಂತ ಊಟಕ್ಕೆ ಕೂತಲ್ಲೇ ಹೇಳಿದ್ಲು. ಬೇರೆಯವರ ಮಕ್ಕಳ ದೀಪ ಆರಿಸಿ ನನ್ನ ಮಗಳದ್ದು ಉರಿಸಲಾ? ವಾಕ್ಯದಲ್ಲಿ ಬಾಗಿಲು ಮುಚ್ಚಿದೆ ಕಣೇ. ಅದನ್ನ ತೆಗೆಯೋಕೆ ನಾನ್ಯಾರು?"

"ಆ ಬಾಗಿಲು ವಾಕ್ಯದ್ದಲ್ಲ, ನಮ್ಮನೇದು" ಎಂದಳು ಆಕೆ. "ಅದಕ್ಕೆ ಅಗುಳಿ ಹಾಕಿದ್ದು ದೇವರಲ್ಲ."

ಇನ್‌ಸ್ಪೆಕ್ಟರ್ ಮಹಿಳಾ ಪೇದೆಗೆ ಫೋನ್ ಮಾಡಿ ಕರೆಸಿದರು. ಹನ್ನೆರಡಕ್ಕೆ ಬಂಧನದ ಕಾಗದಗಳಾದವು. ಜಾಮೀನಿನ ಪ್ರಕರಣವೇ ಆದ್ದರಿಂದ ಸಂಜೆಗೆ ಮನೆಗೆ ಬರಬಹುದೆಂದು ಅವರು ಎರಡೆರಡು ಸಲ ಹೇಳಿದರು.

ಚಿತ್ರಕಾರ ಠಾಣೆಯವರೆಗೂ ಹಿಂದೆಯೇ ಬಂದ. "ದೂರು ವಾಪಸ್ ತಗೋತೀನಿ. ಜ್ವಾಲೆ ಒರೆಸಿ, ವಾರ್ನಿಷ್ ಹಾಕಿ, ಇಲ್ಲಿಗೇ ಮುಗಿಸಿಬಿಡೋಣ."

"ಎಫ್‌ಐಆರ್ ಅನ್ನೋದು ಬಾಯಿಂದ ಬಿದ್ದ ಮಾತಿದ್ದ ಹಾಗೆ, ನುಂಗೋಕಾಗಲ್ಲ" ಎಂದರು ಇನ್‌ಸ್ಪೆಕ್ಟರ್. "ಏನಿದ್ರೂ ಕೋರ್ಟಲ್ಲಿ ಹೇಳಿ. ಮತ್ತೆ, ಆ ಚಿತ್ರ ಈಗ ಸಾಕ್ಷ್ಯ. ನಾಲ್ಕೂ ಮೂಲೆಗೆ ಸೀಲ್ ಹಾಕಿಸಿದೀನಿ. ಕೇಸು ಮುಗಿಯೋ ತನಕ ಒರೆಸೋ ಹಾಗಿಲ್ಲ, ವಾರ್ನಿಷ್ ಹಾಕೋ ಹಾಗಿಲ್ಲ. ಬಿಷಪ್ಪರೇ ಬಂದ್ರೂ ಅಷ್ಟೇ."

"ಅಂದ್ರೆ ಆ ದೀಪ..."

"ಉರೀತಿರುತ್ತೆ."

ಬೆಂಚಿನ ಮೇಲೆ ಕೂತಿದ್ದ ಆಕೆ ತಲೆಯೆತ್ತಿದಳು. "ಅಣ್ಣಾ, ಇಂಥ ಕೇಸು ಮುಗಿಯೋಕೆ ಎಷ್ಟು ದಿನ ಬೇಕು?"

ಗುಂಡುಕಲ್ಲು ಗಂಟಲು ಸರಿಮಾಡಿಕೊಂಡ. "ಕೋಳಿ ಕದ್ದ ಕೇಸೊಂದು ಇದೆ ತಾಯಿ. ಆ ಕೋಳಿಯ ಮರಿಮೊಮ್ಮಕ್ಕಳು ಈಗ ಸಾಕ್ಷಿ ಹೇಳ್ತಿದಾವೆ."

"ಹಾಗಾದ್ರೆ ನಿಧಾನಕ್ಕೇ ಬರ್ಕೊಳ್ಳಿ" ಎಂದಳು.

ಹೇಳಿಕೆ ಬರೆದುಕೊಂಡವರು ಇನ್‌ಸ್ಪೆಕ್ಟರರೇ. ಮಗಳು ಮನೆ ಬಿಟ್ಟ ಮೇಲೆ ಒಂದು ಸಂಜೆ, ಬೀದಿಯ ವಿದ್ಯುತ್ತು ಹೋಗಿದ್ದಾಗ, ಆ ದೀಪ ಹಿಡಿದುಕೊಂಡು ಬಂದು ಬಾಗಿಲು ಬಡಿದಳು. ತಂದೆ ಕೂತಲ್ಲಿಂದಲೇ "ನಿನ್ನ ಗುರುತಿಲ್ಲ, ಹೋಗು" ಎಂದ. ಅವಳು ಸ್ವಲ್ಪ ಹೊತ್ತು ನಿಂತು, ದೀಪವನ್ನು ಹೊಸ್ತಿಲ ಮೇಲಿಟ್ಟು ಹೋದಳು. ಆಮೇಲೆ ಬಂದದ್ದು ಆಸ್ಪತ್ರೆಯ ಸುದ್ದಿ.

"ನೀವೆಲ್ಲಿದ್ರಿ?"

"ಬಾಗಿಲ ಪಕ್ಕದ ಕುರ್ಚೀಲಿ. ಕೈ ಚಾಚಿದ್ರೆ ಅಗುಳಿ ಸಿಗ್ತಿತ್ತು. ಇವರೇ ಎದ್ದು ತೆಗೀಲಿ ಅಂತ ಕಾದೆ." ಆಕೆ ಸಹಿಗೆ ಪೆನ್ನು ತೆಗೆದುಕೊಂಡಳು. "ಅವಳು ಎರಡು ಸಲ ಬಡಿದ್ಲು ಸಾರ್. ಮೊದಲನೇ ಸಲ ಅಪ್ಪಾ ಅಂದ್ಲು. ಎರಡನೇ ಸಲ ಕರೆದಿದ್ದು ನನ್ನ."