ಗಾಲಿ ತಾತನ ನೆಲ

ಮೂರನೇ ಬಕೆಟ್ ನೀರೂ ಕಪ್ಪಾಯಿತು. ಸಾಸಿವೆ ಮಾಪನ್ನು ಹಿಂಡಿ, ಮೂಗಿನ ತುದಿಯ ಬೆವರನ್ನು ತೋಳಿನಿಂದ ಒರೆಸಿಕೊಂಡಳು. ಇನ್ನು ಬಾಗಿಲ ಹತ್ತಿರದ ನೆಲ ಮಾತ್ರ ಬಾಕಿ.

ಅದು ಎಲ್ಲಕ್ಕಿಂತ ಗಲೀಜಾಗಿತ್ತು. ಗೋಡೆಯಿಂದ ಬಾಗಿಲವರೆಗೆ ಚಾಕ್‌ಪೀಸಿನ ಒಂದು ಉದ್ದ ಗೀಟು. ಅದರ ಆಚೆ ಈಚೆ ಗುಣಾಕಾರದ ಚಿಹ್ನೆಯಂಥ ಗುರುತುಗಳು. ಒಂದರ ಪಕ್ಕ ಮೀನು, ಒಂದರ ಪಕ್ಕ ಬಾಚಣಿಗೆ, ಇನ್ನೊಂದರ ಪಕ್ಕ ಎಲೆ. ಯಾರೋ ಚಿಕ್ಕ ಮಕ್ಕಳು ಬಂದು ಗೀಚಿ ಹೋಗಿರಬೇಕು ಅಂದುಕೊಂಡಳು ಸಾಸಿವೆ. ಬಗ್ಗಿ ಬಲವಾಗಿ ಉಜ್ಜಿದಳು. ಮೀನು ಹೋಯಿತು. ಎಲೆ ಹೋಯಿತು. ಬಾಚಣಿಗೆ ಸ್ವಲ್ಪ ಹಟ ಮಾಡಿ, ಕೊನೆಗೆ ಅದೂ ಹೋಯಿತು.

ಅದು ಗಾಲಿಕುರ್ಚಿ ರಿಪೇರಿ ಮಾಡುವ ವರ್ಕ್‌ಶಾಪ್. ನಡೆಯಲಾಗದವರು ತಮ್ಮ ಕುರ್ಚಿ ಕೆಟ್ಟಾಗ ಇಲ್ಲಿಗೆ ಕಳಿಸಿಕೊಡುತ್ತಿದ್ದರು. ಸಾಸಿವೆಯ ಅಮ್ಮ ಇಲ್ಲಿಗೆ ವಾಲಂಟಿಯರ್ ಆಗಿ ಬಂದು ನಾಲ್ಕು ತಿಂಗಳಾಗಿತ್ತು. ವಾಲಂಟಿಯರ್ ಅಂದರೆ ಯಾರೂ ಬಲವಂತ ಮಾಡದೆ, ತಾವಾಗಿಯೇ ಬಂದು ಕೆಲಸ ಮಾಡುವವರು ಅಂತ ಅಮ್ಮ ವಿಮಾನದಲ್ಲಿ ಹೇಳಿದ್ದಳು. ಒಂದು ವರ್ಷ ಇಬ್ಬರೂ ಈ ದೇಶದಲ್ಲೇ ಇರಬೇಕು.

ಇಲ್ಲಿನ ಮಾತು ಸಾಸಿವೆಗೆ ಮೊದಲ ತಿಂಗಳು ಕಲ್ಲು ಅಗಿದ ಹಾಗಿತ್ತು. ಈಗ ಸಲೀಸಾಗಿತ್ತು. ಅರ್ಥವಾಗದೆ ಉಳಿದದ್ದು ಬೇರೆಯೇ.

ಅಮ್ಮ ಯಂತ್ರಗಳ ಇಂಜಿನಿಯರ್. ಕೆಟ್ಟ ಮಿಕ್ಸಿ ಕಂಡರೂ ಬಿಚ್ಚದೆ ಬಿಡುವವಳಲ್ಲ. ಆದರೆ ಇಲ್ಲಿ ಅವಳಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ. "ಮೇಡಂ, ನೀವು ಕೂತ್ಕೊಳ್ಳಿ" ಅನ್ನುತ್ತಿದ್ದರು. ಕಿಟಕಿ ಪಕ್ಕದ ಒಳ್ಳೆಯ ಕುರ್ಚಿ ಅವಳಿಗೆ. ಬಿಸಿ ಟೀ ಮೊದಲು ಅವಳಿಗೆ. ಶಾಲೆಯಲ್ಲಿ ಸಾಸಿವೆಯ ಕತೆಯೂ ಅದೇ. ಹೋಮ್‌ವರ್ಕ್ ಮಾಡದಿದ್ದರೂ ಟೀಚರ್ ನಗುತ್ತಿದ್ದರು. ಬೋರ್ಡ್ ಒರೆಸುವ ಸರದಿ ಎಲ್ಲರಿಗೂ ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. ಇಷ್ಟು ಒಳ್ಳೆಯವರ ನಡುವೆ ಯಾಕೆ ಅಳು ಬರುತ್ತದೆ ಅನ್ನುವುದು ಅವಳಿಗೇ ತಿಳಿಯುತ್ತಿರಲಿಲ್ಲ.

ಇವತ್ತು ಶಾಲೆ ಮುಗಿಸಿ ಬಂದಾಗ ವರ್ಕ್‌ಶಾಪ್ ಖಾಲಿಯಾಗಿತ್ತು. ಅಮ್ಮ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಳು. ಉಳಿದ ಇಬ್ಬರು ಗೋಡೌನಿಗೆ ಹೋಗಿದ್ದರು. ಕೆಲಸ ಕೊಡದಿದ್ದರೆ ಏನಂತೆ, ನಾನೇ ಹುಡುಕಿಕೊಳ್ಳುತ್ತೇನೆ ಅಂತ ಸಾಸಿವೆ ಮಾಪ್ ಎತ್ತಿಕೊಂಡಿದ್ದಳು.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಗಾಲಿ ತಾತ ಕಂಕುಳಲ್ಲಿ ಎರಡು ಟೈರ್ ಸಿಕ್ಕಿಸಿಕೊಂಡು ಬಂದರು. ವರ್ಕ್‌ಶಾಪಿಗೆ ಅವರೇ ಹಿರಿಯರು. ಅವರ ಹಿಂದೆ ಕುರ್ಚಿಗಳಿಗೆ ಸೀಟು ಹೊಲಿಯುವ ಹೊಲಿಗೆಯಕ್ಕ.

ತಾತ ಹೊಸ್ತಿಲಲ್ಲೇ ನಿಂತುಬಿಟ್ಟರು. ಒಂದು ಟೈರ್ ಜಾರಿ ಬಿದ್ದು, ಉರುಳಿಕೊಂಡು ಹೋಗಿ ಗೋಡೆಗೆ ತಾಗಿತು. ಗಿರಗಿರ ಸುತ್ತಿ ಅಲ್ಲೇ ಮಲಗಿತು.

"ಅಯ್ಯೋ ದೇವರೇ" ಎಂದರು ಹೊಲಿಗೆಯಕ್ಕ.

ತಾತ ಕೆಮ್ಮಿದರು. "ಅರೆ! ನೆಲ ಫಳಫಳ ಅಂತಿದೆಯಲ್ಲ! ಯಾರು, ನೀನೇ ಒರೆಸಿದ್ದಾ?"

"ಹೂಂ ತಾತ! ಮೂರು ಬಕೆಟ್!"

"ತುಂಬ ಚೆನ್ನಾಗಾಯ್ತು ಮಗೂ. ತುಂಬಾನೇ ಚೆನ್ನಾಗಾಯ್ತು."

ಅವರ ಬಾಯಿ ನಗುತ್ತಿತ್ತು. ಕಣ್ಣು ಮಾತ್ರ ನೆಲದಲ್ಲಿ ಏನನ್ನೋ ಹುಡುಕುತ್ತಿತ್ತು. ಅಷ್ಟರಲ್ಲಿ ಅಮ್ಮ ಬಂದಳು. "ಮೇಡಂ, ಮಗು ಸುಸ್ತಾಗಿದೆ. ನೀವಿಬ್ರೂ ಇವತ್ತು ಬೇಗ ಮನೆಗೆ ಹೋಗಿ" ಎಂದರು ತಾತ. ಹೆಚ್ಚು ಕಡಿಮೆ ಇಬ್ಬರನ್ನೂ ಬಾಗಿಲಿಂದ ಆಚೆ ತಳ್ಳಿಯೇಬಿಟ್ಟರು.

ಬೀದಿಯ ತಿರುವು ದಾಟಿದ ಮೇಲೆ ಸಾಸಿವೆ ಬೆನ್ನು ಮುಟ್ಟಿಕೊಂಡಳು. "ಅಮ್ಮಾ, ಸ್ಕೂಲ್ ಬ್ಯಾಗ್!"

"ತಲೆ ಒಂದು ಅಂಟಿಕೊಂಡಿದೆ, ಇಲ್ಲದಿದ್ರೆ ಅದನ್ನೂ ಬಿಟ್ಟು ಬರ್ತಿದ್ದೆ ನೀನು" ಎಂದಳು ಅಮ್ಮ. ಇಬ್ಬರೂ ಹಿಂತಿರುಗಿದರು.

ವರ್ಕ್‌ಶಾಪಿನ ಕಿಟಕಿ ತೆರೆದಿತ್ತು. ಒಳಗೆ ಹೊಲಿಗೆಯಕ್ಕ ರಟ್ಟಿನ ತುಂಡಿನಿಂದ ಒದ್ದೆ ನೆಲಕ್ಕೆ ಗಾಳಿ ಬೀಸುತ್ತಿದ್ದರು. ಗಾಲಿ ತಾತ ನೋಯುವ ಮಂಡಿಯ ಕೆಳಗೆ ಬಟ್ಟೆ ಮಡಚಿಟ್ಟುಕೊಂಡು, ನೆಲದ ಮೇಲೆ ಗೀಟು ಎಳೆಯುತ್ತಿದ್ದರು. ಗೋಡೆಯಿಂದ ಬಾಗಿಲವರೆಗೆ, ಸಾಸಿವೆ ಒರೆಸಿದ್ದ ಅದೇ ಜಾಗದಲ್ಲಿ.

"ಹನ್ನೊಂದು ಕುರ್ಚಿ. ಎಲ್ಲ ಮೊದಲಿಂದ ಆಗ್ಬೇಕಲ್ಲ" ಎಂದರು ಹೊಲಿಗೆಯಕ್ಕ. "ನಾಳೆ ಒಂಬತ್ತಕ್ಕೆ ಎಲ್ಲರೂ ಕುರ್ಚಿ ತಗೊಂಡು ಹೋಗೋಕೆ ಬರ್ತಾರೆ. ಬಾಚಣಿಗೆದು ನೆನಪಿದೆಯಾ?"

"ಎಡಕ್ಕೆ ಮೂರು ಬೆರಳೋ, ನಾಲ್ಕೋ. ನೆನಪಿದ್ದಿದ್ರೆ ನೆಲದ ಮೇಲೆ ಯಾಕೆ ಬರೀತಿದ್ದೆ?"

ಸಾಸಿವೆಯ ಕಿವಿ ಬಿಸಿಯಾಯಿತು. ಅದು ಮಕ್ಕಳು ಗೀಚಿದ್ದಲ್ಲ!

"ಅಮ್ಮಾ, ಚೆನ್ನಾಗಾಯ್ತು ಅಂದ್ರಲ್ಲ ತಾತ? ಎರಡು ಸಲ ಅಂದ್ರು. ಯಾಕೆ ಹಾಗಂದ್ರು?"

ಅಮ್ಮ ಕಿಟಕಿಯಿಂದ ಹಿಂದೆ ಸರಿದಳು. "ನನಗೂ ಹಾಗೇ ಅಂದಿದ್ರು ಕಣೆ. ಮೊದಲನೇ ವಾರ ನಾನು ಇಲ್ಲಿನ ಬೋಲ್ಟ್‌ಗಳನ್ನೆಲ್ಲ ಸೈಜ್ ನೋಡಿ ಡಬ್ಬಿಗಳಿಗೆ ತುಂಬಿಟ್ಟೆ. ಅವರು ಯಾವ ಕುರ್ಚಿದು ಯಾವುದು ಅಂತ ಬೇರೆ ಬೇರೆ ಇಟ್ಟಿದ್ರಂತೆ. 'ತುಂಬ ಚೆನ್ನಾಗಾಯ್ತು ಮೇಡಂ' ಅಂದ್ರು. ಅವತ್ತಿಂದ ನನಗೆ ಟೀ ಮಾತ್ರ ಸಿಗ್ತಿದೆ."

"ನೀನು ಸಾರಿ ಕೇಳಲಿಲ್ವಾ?"

"ಕೇಳೋಕೆ ಹೋದ್ರೆ ಇನ್ನೊಂದು ಟೀ ಕೊಟ್ರು."

ಸಾಸಿವೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಮ್ಮ ಕೈ ಹಿಡಿಯುವಷ್ಟರಲ್ಲಿ ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿಬಿಟ್ಟಿದ್ದಳು.

"ತಾತ, ನಾನು ಒರೆಸಿದ್ದು ಬೇಕಾಗಿರೋ ಗೀಟು ಅಲ್ವಾ?"

"ಯಾವ ಗೀಟು?" ಎಂದರು ತಾತ.

"ನಿಮ್ಮ ಕೈಯಲ್ಲಿ ಚಾಕ್‌ಪೀಸ್ ಇದೆ!"

ತಾತ ಅದು ಈಗಷ್ಟೇ ಅಲ್ಲಿ ಹುಟ್ಟಿಕೊಂಡಿತೇನೋ ಅನ್ನುವ ಹಾಗೆ ತಮ್ಮ ಕೈ ನೋಡಿಕೊಂಡರು.

"ಯಾಕೆ ನನಗೆ ಬೈಲಿಲ್ಲ? ಸುಳ್ಳು ಸುಳ್ಳೇ ಚೆನ್ನಾಗಾಯ್ತು ಅಂದ್ರಿ!"

"ನೆಲ ಚೆನ್ನಾಗೇ ಆಗಿತ್ತಲ್ಲ. ಅದು ಸುಳ್ಳಲ್ಲ."

"ಇವರ ಮೊಮ್ಮಗಳು ಹೀಗೆ ಮಾಡಿದ್ದಿದ್ರೆ ಈ ತಗಡಿನ ಸೂರು ಹಾರಿ ಹೋಗಿರೋದು" ಎಂದರು ಹೊಲಿಗೆಯಕ್ಕ, ಗಾಳಿ ಬೀಸುವುದನ್ನು ನಿಲ್ಲಿಸದೆ.

"ಮತ್ತೆ ನನಗ್ಯಾಕೆ ಇಲ್ಲ?"

ತಾತ ಮಂಡಿ ಹಿಡಿದುಕೊಂಡು ಎದ್ದರು. "ನೀವು ದೂರದಿಂದ ಬಂದೋರು. ನಮಗೋಸ್ಕರ ಮನೆ, ಮಠ, ಸ್ಕೂಲು ಎಲ್ಲ ಬಿಟ್ಟು ಬಂದಿದ್ದೀರಿ. ಅಂಥವರಿಗೆ ಬೈಯೋಕಾಗತ್ತೇನಮ್ಮಾ?"

ಬಾಗಿಲಲ್ಲಿ ನಿಂತಿದ್ದ ಅಮ್ಮ ಮೆಲ್ಲಗೆ ಕೇಳಿದಳು: "ನಾಲ್ಕು ತಿಂಗಳಾಯ್ತಲ್ಲ ತಾತ. ಇನ್ನೂ ದೂರದಿಂದ ಬರ್ತಾನೇ ಇದ್ದೀವಾ?"

ಹೊಲಿಗೆಯಕ್ಕನ ರಟ್ಟು ನಿಂತಿತು. ತಾತ ಅಮ್ಮನನ್ನು ನೋಡಿದರು. ಗೋಡೆಗೆ ಒರಗಿಸಿದ್ದ ಹನ್ನೊಂದು ಕುರ್ಚಿಗಳನ್ನು ನೋಡಿದರು. ತಲೆ ಕೆರೆದುಕೊಂಡರು. ಬಿಳಿ ಕೂದಲಿಗೆ ಇನ್ನಷ್ಟು ಚಾಕ್ ಪುಡಿ ಹತ್ತಿತು.

"ಸರಿ ಹಾಗಾದ್ರೆ. ಆ ಮೂಟೆ ಎತ್ತೋಕಾಗತ್ತಾ ನಿಮಗೆ?"

ಅಮ್ಮ ಬಳೆ ಹಿಂದಕ್ಕೆ ಸರಿಸಿ, ಮರಳಿನ ಮೂಟೆಯನ್ನು ಒಂದೇ ಏಟಿಗೆ ಎತ್ತಿದಳು.

ಕೆಲಸ ಹೀಗಿತ್ತು. ಗೋಡೆಯ ಹತ್ತಿರ ಒಂದು ಇಳಿಜಾರು ಹಲಗೆ. ಕುರ್ಚಿಯನ್ನು ಅದರ ಮೇಲೆ ಹತ್ತಿಸಿ, ಗಾಲಿಗೆ ಒಂದು ಮರದ ತುಂಡು ಅಡ್ಡ ಕೊಡಬೇಕು. ಮನುಷ್ಯರ ಬದಲು ಮರಳಿನ ಮೂಟೆ ಕೂರಿಸಬೇಕು. ಮರದ ತುಂಡನ್ನು ಸರಕ್ಕನೆ ಎಳೆದರೆ ಕುರ್ಚಿ ತಾನಾಗಿ ಇಳಿದು, ಗೀಟಿನ ಮೇಲೆ ಉರುಳಿ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನಿಂತಲ್ಲಿ ಗುರುತು. ಗೀಟಿನಿಂದ ಎಷ್ಟು ಬೆರಳು ಎಡಕ್ಕೆ, ಎಷ್ಟು ಬಲಕ್ಕೆ ಅಂತ ನೋಡಿ ತಾತ ಗಾಲಿಯ ನಟ್ಟು ತಿರುಗಿಸುತ್ತಾರೆ. ಓರೆ ಓಡುವ ಕುರ್ಚಿಯಲ್ಲಿ ಕೂತವರಿಗೆ ದಿನವಿಡೀ ಒಂದೇ ತೋಳು ನೋಯುತ್ತದಂತೆ. ಯಾರ ಕುರ್ಚಿಗೆ ಯಾವ ಚಿತ್ರ ಅನ್ನುವುದು ತಾತನಿಗೆ ಬಾಯಿಪಾಠ. ಮೀನು ಮಾರುವವರಿಗೆ ಮೀನು, ತೋಟದ ಕೆಲಸದವರಿಗೆ ಎಲೆ.

"ಬಾಚಣಿಗೆ ಯಾರದು?" ಎಂದು ಕೇಳಿದಳು ಸಾಸಿವೆ.

"ಅವಳಿಗೆ ಇಷ್ಟುದ್ದ ಜಡೆ ಇದೆ. ನಿನ್ನ ಸ್ಕೂಲೇ ಇರಬೇಕು."

ಸಾಸಿವೆ ಆ ಕುರ್ಚಿಯತ್ತ ತಿರುಗಿದಳು. ಅವಳ ಬೆಂಚಿನ ಪಕ್ಕದಲ್ಲೇ ಗಾಲಿಕುರ್ಚಿ ನಿಲ್ಲಿಸಿಕೊಳ್ಳುತ್ತಿದ್ದ ಉದ್ದಜಡೆ ಮೂರು ದಿನದಿಂದ ಶಾಲೆಗೆ ಬಂದಿರಲಿಲ್ಲ. ಜ್ವರ ಅಂದುಕೊಂಡಿದ್ದಳು ಸಾಸಿವೆ. ಕೂತು ಬರಲು ಕುರ್ಚಿಯೇ ಇರಲಿಲ್ಲ ಅನ್ನುವುದು ಹೊಳೆದೇ ಇರಲಿಲ್ಲ.

"ಒಂದೊಂದನ್ನೂ ಮೂರು ಸಲ ಬಿಡಬೇಕು" ಎಂದರು ತಾತ.

"ಮೂರು ಸಲ ಯಾಕೆ?"

"ಒಂದು ಸಲ ಕುರ್ಚಿ ಸುಳ್ಳು ಹೇಳಬಹುದು. ಮೂರು ಸಲಾನೂ ಒಂದೇ ಸುಳ್ಳು ಹೇಳೋಷ್ಟು ಬುದ್ಧಿ ಅದಕ್ಕಿಲ್ಲ."

ಮರದ ತುಂಡು ಎಳೆಯುವುದು ಸಾಸಿವೆಯ ಕೆಲಸವಾಯಿತು. ಕುರ್ಚಿಗೆ ಕೈ ತಾಗಿಸಬಾರದು, ತುಂಡನ್ನು ಮಾತ್ರ ನೇರವಾಗಿ ಎಳೆಯಬೇಕು. ಮೂಟೆ ಎತ್ತಿಡುವುದು ಅಮ್ಮ, ಬೆರಳು ಅಳೆಯುವುದು ಹೊಲಿಗೆಯಕ್ಕ, ನಟ್ಟು ತಾತ. ಮೀನು ಮುಗಿಯಿತು. ಎಲೆ ಮುಗಿಯಿತು. ಎಂಟನೆಯ ಕುರ್ಚಿಯ ಹೊತ್ತಿಗೆ ತಾತ 'ಮೇಡಂ' ಅನ್ನುವುದನ್ನು ಮರೆತು, "ಏನಮ್ಮಾ, ಮೂಟೆ ಹಿಂದಕ್ಕೆ ಸರಿಸು, ವಾಲ್ತಾ ಇದೆ" ಅನ್ನತೊಡಗಿದ್ದರು. ಅಮ್ಮ ಉಸಿರು ಬಿಗಿಹಿಡಿದು ಸರಿಸುತ್ತಿದ್ದಳು. ಅವಳ ಕೆನ್ನೆಯ ಮೇಲೆ ಗ್ರೀಸಿನ ಮೀಸೆ ಮೂಡಿತ್ತು.

ಕೊನೆಯದು ಬಾಚಣಿಗೆ. ಮೊದಲ ಸಲ ಕುರ್ಚಿ ಎಡಕ್ಕೆ ನಾಲ್ಕು ಬೆರಳು ಹೋಯಿತು. ಎರಡನೇ ಸಲವೂ ನಾಲ್ಕು. ಮೂರನೆಯ ಸಲಕ್ಕೆ ಸಾಸಿವೆಗೆ ಆಸೆ ಹುಟ್ಟಿತು. ಉದ್ದಜಡೆಯ ಕುರ್ಚಿ ನೇರವಾಗಿ ಓಡಲಿ ಅಂತ. ಮರದ ತುಂಡು ಎಳೆಯುವಾಗ ಕಿರುಬೆರಳಿನಿಂದ, ಇಷ್ಟೇ ಇಷ್ಟು, ಕುರ್ಚಿಯನ್ನು ಬಲಕ್ಕೆ ತಳ್ಳಿದಳು.

ಕುರ್ಚಿ ಗೀಟಿನ ಮೇಲೆ ಬಾಣದ ಹಾಗೆ ಹೋಗಿ ನಿಂತಿತು.

"ಏಯ್!" ತಾತ ಗುಡುಗಿದರು.

ಸೂರಿನ ಕೆಳಗೆ ಗೂಡು ಕಟ್ಟಿದ್ದ ಪಾರಿವಾಳಗಳು ಪಟಪಟ ಎದ್ದವು. "ಕೈ ತಾಗಿಸಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ? ಕಿವಿ ಮನೇಲಿಟ್ಟು ಬಂದಿದ್ದೀಯಾ? ಈಗ ನಾನು ನಟ್ಟು ತಿರುಗಿಸಲೋ, ಬಿಡಲೋ? ಇದನ್ನ ನಂಬಿ ಹಾಗೇ ಕೊಟ್ಟುಬಿಟ್ರೆ ಆ ಹುಡುಗಿ ಭುಜಕ್ಕೆ ಯಾರು ಉತ್ತರ ಹೇಳ್ತಾರೆ? ನೀನಾ? ನಡಿ! ಮೊದಲಿಂದ ಬಿಡು!"

ತಗಡಿನ ಸೂರು ಹಾರಲಿಲ್ಲ ಅಷ್ಟೇ. ಅಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಏನನ್ನಿಸಿತೋ, ಅಲ್ಲೇ ನಿಂತಳು.

ಸಾಸಿವೆಯ ಕಣ್ಣು ತುಂಬಿಕೊಂಡಿತು. ಅದೇ ಹೊತ್ತಿಗೆ ಹೊಟ್ಟೆಯೊಳಗೆ ಎಲ್ಲೋ ಒಂದು ಗಂಟು ಸಡಿಲವಾಗುತ್ತಿತ್ತು. ಅಳಬೇಕೋ, ನಗಬೇಕೋ ಗೊತ್ತಾಗಲಿಲ್ಲ. ಮೂಗು ಎಳೆದುಕೊಂಡು, ಕುರ್ಚಿಯನ್ನು ತಳ್ಳಿಕೊಂಡು ಹಲಗೆಯ ಹತ್ತಿರ ಹೋದಳು. ಮರದ ತುಂಡು ಅಡ್ಡ ಇಟ್ಟಳು. ಕಿರುಬೆರಳನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿಕೊಂಡಳು.

"ಎಷ್ಟನೇ ಸಲ ಇದು?" ತಾತನ ದನಿ ಇನ್ನೂ ಗಡುಸಾಗಿಯೇ ಇತ್ತು.

"ಮೂರನೇದು. ಆಗಿಂದು ಸುಳ್ಳು" ಎಂದಳು ಸಾಸಿವೆ.

ಕುರ್ಚಿ ಇಳಿಯಿತು, ಉರುಳಿತು, ನಿಂತಿತು. ಎಡಕ್ಕೆ ನಾಲ್ಕು ಬೆರಳು. ತಾತ ನಟ್ಟು ತಿರುಗಿಸಿದರು. ಮತ್ತೆ ಮೂರು ಸಲ ಬಿಟ್ಟರು. ಮೂರೂ ಗುರುತು ಗೀಟಿನ ಮೇಲೆ, ಒಂದರ ಮೈಮೇಲೆ ಒಂದು ಬಿದ್ದವು.

ಹೊರಡುವ ಹೊತ್ತಿಗೆ ಬೀದಿಯಲ್ಲಿ ಬಿಸಿಲು ಕೆಂಪಾಗಿತ್ತು. ಹನ್ನೊಂದು ಕುರ್ಚಿಗಳು ಬಾಗಿಲ ಪಕ್ಕ ಸಾಲಾಗಿ ನಿಂತಿದ್ದವು. ಅಮ್ಮ ಸ್ಕೂಲ್ ಬ್ಯಾಗನ್ನು ತನ್ನ ಹೆಗಲಿಗೇ ಹಾಕಿಕೊಂಡಿದ್ದಳು. ಇಬ್ಬರೂ ಬೀದಿಯ ತಿರುವು ದಾಟಿದರು.

"ಬೇಜಾರಾಯ್ತಾ?" ಎಂದು ಕೇಳಿದಳು ಅಮ್ಮ.

"ಆಯ್ತು."

ಇನ್ನೊಂದಿಷ್ಟು ದೂರ ಹೋದ ಮೇಲೆ ಅಮ್ಮ ಹೇಳಿದಳು: "ನಾಳೆ ನನಗೆ ಎಂಟಕ್ಕೆ ಬಾ ಅಂದಿದ್ದಾರೆ. ಬ್ರೇಕ್ ಕೆಲಸ ಕಲಿಸ್ತಾರಂತೆ."

"ನನಗೆ?"

"ನಿನಗೆ ಏಳೂವರೆ. ಕುರ್ಚಿಗಳ ಧೂಳು ಒರೆಸಬೇಕಂತೆ. ಯಾವುದು ಒರೆಸಬೇಕು, ಯಾವುದು ಒರೆಸಬಾರದು ಅಂತ ಕೇಳಿ ಒರೆಸಬೇಕಂತೆ."

"ಏಳೂವರೆಗಾ? ರಜಾ ದಿನಾನಾ?" ಸಾಸಿವೆ ಕಾಲು ನೆಲಕ್ಕೆ ಬಡಿದಳು. "ಏನು ತಾತಾನೋ ಏನೋ! ಸ್ವಲ್ಪಾನೂ ಕರುಣೆ ಇಲ್ಲ!"

ಮನೆ ಬರುವವರೆಗೂ ಅವಳು ಗೊಣಗುತ್ತಲೇ ಇದ್ದಳು. ಆದರೆ ಅಮ್ಮ ಅವಳ ಜೊತೆ ನಡೆಯಲು ದಾಪುಗಾಲು ಹಾಕಬೇಕಾಯಿತು.